ಗಾಡಿ ಕಾಣದ ಹಾದಿಗಳು: ನರಗುಂದದಿಂದ ಗಜೇಂದ್ರಗಡದವರೆಗೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿ ನವಲಗುಂದ ದಾಟಿದ ಮೇಲೆ, ಎರೆಹೊಲಗಳ ಬಯಲಿನಲ್ಲಿ ಒಂಟಿಯಾಗಿ ನಿಂತ ನರಗುಂದದ ಗುಡ್ಡ ಬಹಳ ದೂರದಿಂದಲೇ ಕಾಣತೊಡಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇದು ನಡೆಯುವವರ, ಸೈಕಲ್ ತುಳಿಯುವವರ ಸೀಮೆ ಅನ್ನಿಸುವುದು ಸಹಜ. ಏರಿಲ್ಲ, ಇಳಿಜಾರಿಲ್ಲ, ಕಣ್ಣು ಹರಿದಷ್ಟು ದೂರ ಸಮನಾದ ನೆಲ. ಅದೇ ಹೆದ್ದಾರಿಯ ಮೇಲೆ ಸೈಕಲ್ ಇಳಿಸಿದರೆ ಈ ಅನ್ನಿಸಿಕೆ ಬಹಳ ಹೊತ್ತು ಉಳಿಯುವುದಿಲ್ಲ. ಅಂಚಿನ ಬಿಳಿಗೆರೆಯ ಆಚೆ ಉಳಿದ ಒಂದೆರಡು ಅಡಿ ಜಾಗದಲ್ಲೇ ಸೈಕಲ್, ಪಾದಚಾರಿ, ಕುರಿಹಿಂಡು, ನಿಂತ ಟ್ರ್ಯಾಕ್ಟರ್ ಎಲ್ಲವೂ ಹೊಂದಿಕೊಳ್ಳಬೇಕು. ಪಕ್ಕದಲ್ಲಿ ಲಾರಿಗಳು ಹಾಯುವ ಗಾಳಿಗೇ ಹ್ಯಾಂಡಲ್ ಅಲುಗುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಮಂದಿ ಬರಿಗಾಲಲ್ಲೋ ಚಪ್ಪಲಿಯಲ್ಲೋ ನಡೆದು ಹೋಗುತ್ತಿದ್ದವರು. ಹೀಗಿರುವಾಗ ಬೆಳಗಿನ ವಾಕಿಂಗಿಗೆ ಹೆದ್ದಾರಿ ಅಂಚೇ ಗತಿ ಎಂದು ಒಪ್ಪಿಕೊಂಡ ಊರು ತನ್ನ ಜನರ ಬಗ್ಗೆ ಯೋಚಿಸುವುದನ್ನು ಅರ್ಧಕ್ಕೇ ಬಿಟ್ಟಿದೆ ಎಂದೇ ನಾನು ತಿಳಿಯುತ್ತೇನೆ.

ನರಗುಂದದಿಂದ ಹೊರಟು ರೋಣದ ಮೇಲೆ ಹಾದು ಗಜೇಂದ್ರಗಡ ಮುಟ್ಟುವ ಈ ಪಯಣದಲ್ಲಿ ನಾನು ಹುಡುಕಿದ್ದು ಪ್ರವಾಸಿ ತಾಣಗಳನ್ನಲ್ಲ. ದಿನಬಳಕೆಗೆ ಒದಗುವ, ಮೋಟಾರು ಗಾಡಿಗಳ ಕಾಟವಿಲ್ಲದ ಹಾದಿಗಳು ಈ ಮೂರು ತಾಲೂಕುಗಳಲ್ಲಿ ಇವೆಯೇ, ಇದ್ದರೆ ಎಲ್ಲಿ ಎಂಬುದಷ್ಟೇ ನನ್ನ ಪ್ರಶ್ನೆ. ವರ್ಷಕ್ಕೊಮ್ಮೆ ಹತ್ತಿ ಇಳಿಯುವ ಗುಡ್ಡ ಈ ಲೆಕ್ಕಕ್ಕೆ ಬರುವುದಿಲ್ಲ. ಮನೆಯಿಂದ ಶಾಲೆಗೆ, ಹೊಲಕ್ಕೆ, ಸಂತೆಗೆ, ಪಕ್ಕದ ಊರಿಗೆ ಒಯ್ಯುವಂತಿರಬೇಕು, ವರ್ಷದ ಹೆಚ್ಚಿನ ತಿಂಗಳು ಕಾಲಿಡುವಂತಿರಬೇಕು, ಮನಸ್ಸಿಗೂ ಹಿತವಾಗಿರಬೇಕು. ಈ ಮೂರನ್ನೂ ಹಿಡಿದು ನೋಡಿದ ಮೇಲೆ ನಾನು ಮುಟ್ಟಿದ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೊಸದಾಗಿ ಕಟ್ಟಬೇಕಾದ ದಾರಿ ಬಹಳ ಕಡಿಮೆ. ಕಾಲುವೆ ದಂಡೆ, ಬಂಡಿ ಹಾದಿ, ಗುಡ್ಡದ ದಾರಿ ಎಂಬ ರೂಪದಲ್ಲಿ ಅವು ಈಗಾಗಲೇ ನೆಲದ ಮೇಲಿವೆ. ಅವುಗಳನ್ನು ದಾರಿ ಎಂದು ಗುರುತಿಸುವವರು, ಗರಸು ಹಾಕುವವರು, ಮೋಟಾರಿನಿಂದ ಕಾಯುವವರು ಇಲ್ಲ.

ಕಾಲುವೆಯಿಂದಲೇ ಶುರು ಮಾಡೋಣ, ಏಕೆಂದರೆ ನರಗುಂದಕ್ಕೆ ಅದೇ ದೊಡ್ಡ ಆಸ್ತಿ. ಸವದತ್ತಿ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಕಾಲುವೆಗಳ ಜಾಲ ನವಲಗುಂದ, ನರಗುಂದ, ರೋಣ ತಾಲೂಕುಗಳ ಎರೆಭೂಮಿಯ ಮೇಲೆ ಹರಡಿಕೊಂಡಿದೆ. ಮುಖ್ಯ ಕಾಲುವೆ ಎಂದರೆ ನೀರಿನ ಹರಿವಷ್ಟೇ ಅಲ್ಲ. ಗೇಟು, ತೂಬು, ಸೋರಿಕೆ ನೋಡಿಕೊಳ್ಳುವ ಸಿಬ್ಬಂದಿಯ ಜೀಪು ಓಡಾಡಲೆಂದು ದಂಡೆಯ ಮೇಲೆ ಒಂದು ಸರ್ವಿಸ್ ರಸ್ತೆಯನ್ನೂ ಅದರೊಂದಿಗೇ ಕಟ್ಟುತ್ತಾರೆ. ಆ ದಂಡೆ ಸುತ್ತಲಿನ ಹೊಲಕ್ಕಿಂತ ಎತ್ತರದಲ್ಲಿರುತ್ತದೆ, ಮೇಲೆ ಗರಸು ಬಿದ್ದಿರುತ್ತದೆ. ನೀರು ತನ್ನಷ್ಟಕ್ಕೆ ನಿಧಾನವಾಗಿ ಹರಿಯಬೇಕಾದ್ದರಿಂದ ಮುಖ್ಯ ಕಾಲುವೆಯ ಇಳಿಜಾರು ಕಿಲೋಮೀಟರಿಗೆ ಕೆಲವು ಅಂಗುಲಗಳಷ್ಟೇ. ಸೈಕಲ್ ತುಳಿಯುವವನ ಮೊಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೋಗುವಾಗಲೂ ಬರುವಾಗಲೂ ನೆಲ ಒಂದೇ ಸಮ. ಒಂದು ಕಡೆ ನೀರು, ಇನ್ನೊಂದು ಕಡೆ ಮುಂಗಾರಿನಲ್ಲಿ ಹೆಸರು, ಗೋವಿನಜೋಳ, ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಕುಸುಬೆ. ಬೇಲಿಯ ಮೇಲೆ ಹಕ್ಕಿಗಳು, ಬಹುದೂರ ತೆರೆದ ಆಕಾಶ. ಉಸಿರಿಗೆ ಹೊಗೆ ಇಲ್ಲ, ಕಿವಿಗೆ ಹಾರ್ನ್ ಇಲ್ಲ. ಓಟಗಾರರಿಗೆ ಡಾಂಬರಿಗಿಂತ ಗರಸಿನ ನೆಲ ಮೃದು. ದೊಡ್ಡ ನಗರಗಳಲ್ಲಿ ಇಂಥ ಹಾದಿ ಮಾಡಲು ಎಷ್ಟು ಕಷ್ಟಪಡಬೇಕಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಉಣಕಲ್ ನಾಲೆಯೇ ಸಾಕ್ಷಿ. ಕೊಳಚೆ ಹರಿಯುತ್ತಿದ್ದ ನಾಲೆಯ ಬದಿಯಲ್ಲಿ ಸೈಕಲ್ ಮತ್ತು ಕಾಲ್ನಡಿಗೆಯ ದಾರಿ ಮಾಡಲು ಸ್ಮಾರ್ಟ್ ಸಿಟಿ ಯೋಜನೆ, ಹೊರಗಿನ ನೆರವು ಎಲ್ಲವೂ ಬೇಕಾದವು. ನರಗುಂದ ಸೀಮೆಯಲ್ಲಿ ದಂಡೆ ಐದು ದಶಕಗಳಿಂದ ಸಿದ್ಧವಾಗಿಯೇ ಬಿದ್ದಿದೆ.

ಸಿದ್ಧವಾಗಿದೆ ಎಂದರೆ ಚೆನ್ನಾಗಿದೆ ಎಂದರ್ಥವಲ್ಲ. ಜಾಲಿಕಂಟಿ ಎರಡೂ ಬದಿಯಿಂದ ಚಾಚಿಕೊಂಡ ಕಡೆ ದಂಡೆ ಒಬ್ಬರು ನಡೆಯುವಷ್ಟಕ್ಕೆ ಇಕ್ಕಟ್ಟಾಗಿದೆ, ಅದರ ಮುಳ್ಳು ಸೈಕಲ್ ಟ್ಯೂಬಿಗೆ ಶನಿ. ಕಾಲುವೆ ಒಡೆದು ದುರಸ್ತಿಯಾದ ಜಾಗಗಳಲ್ಲಿ ಗರಸು ಹೋಗಿ ಬರೀ ಎರೆಮಣ್ಣು ಉಳಿದಿದೆ. ಕಾಲುವೆಯ ಕೊನೆಯ ಭಾಗದ ಹಳ್ಳಿಗಳಿಗೆ ಬಂದರೆ ನೀರೇ ಅಪರೂಪ. ಅಲ್ಲಿ ದಂಡೆಯನ್ನು ಯಾರೂ ನೋಡುವುದಿಲ್ಲ. ಇವೆಲ್ಲ ನಿರ್ವಹಣೆಯ ಮಾತು, ಕಟ್ಟುವ ಮಾತಲ್ಲ. ಈ ದಂಡೆಯ ಮೇಲೆ ನಡೆಯುವ ಹಕ್ಕು ಯಾರಿಗಿದೆ ಎಂದು ಕೇಳುವವರು ಈ ಸೀಮೆಯ ಇತಿಹಾಸವನ್ನು ನೆನೆಯಬೇಕು. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಬೇಕು ಎಂದಾಗ ಇಲ್ಲಿನ ರೈತರು ಎದ್ದರು. 1980ರ ಜುಲೈ 21ರಂದು ನಡೆದ ಗೋಲಿಬಾರಿನಲ್ಲಿ ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಆ ದಿನದಿಂದಲೇ ಕರ್ನಾಟಕದ ರೈತ ಚಳವಳಿಯ ಹೊಸ ಅಧ್ಯಾಯ ಶುರುವಾಯಿತು. ಈ ಕಾಲುವೆಗೆ ನೆಲ ಬಿಟ್ಟುಕೊಟ್ಟವರೂ ಇವರೇ, ಅದರ ಲೆಕ್ಕ ಕೇಳಿ ಪೆಟ್ಟು ತಿಂದವರೂ ಇವರೇ. ಅದರ ದಂಡೆಯ ಮೇಲೆ ಅವರ ಮಕ್ಕಳು ನಿರಾತಂಕವಾಗಿ ಸೈಕಲ್ ತುಳಿದು ಶಾಲೆಗೆ ಹೋಗುವಂತಾಗಬೇಕು ಎಂದು ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಕಾಲುವೆ ಬದಿ ಅಪಾಯ, ಬಿದ್ದರೆ ಉಳಿಯುವುದಿಲ್ಲ ಎನ್ನುತ್ತಾರೆ. ಮಂಡ್ಯ ಜಿಲ್ಲೆಯ ಉದಾಹರಣೆ ಎಲ್ಲರ ನೆನಪಿನಲ್ಲಿದೆ: 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಆ ನಾಲೆಯ ಬದಿಯಲ್ಲಿ ಆಮೇಲೂ ಕಾರುಗಳು ನೀರಿಗೆ ಬಿದ್ದ ಸುದ್ದಿ ಬರುತ್ತಲೇ ಇತ್ತು. ಆದರೆ ಈ ಘಟನೆಗಳನ್ನು ಸರಿಯಾಗಿ ಓದಿದರೆ ಅವು ನನ್ನ ವಾದಕ್ಕೇ ಬಲ ಕೊಡುತ್ತವೆ. ಅಲ್ಲಿ ನೀರಿಗೆ ಬಿದ್ದದ್ದು ವೇಗದ ಮೋಟಾರು ಗಾಡಿಗಳು. ಕಾಲುವೆಯ ರಸ್ತೆ ಡಾಂಬರು ಕಂಡು, ಅಗಲವಾಗಿ, ಬಸ್ಸಿನ ದಾರಿಯಾದ ಮೇಲೆ ಅದು ಅಪಾಯದ ದಾರಿಯಾಯಿತು. ಉತ್ತರ ಪ್ರದೇಶದಲ್ಲಿ ಗಂಗಾ ಕಾಲುವೆಯ ದಂಡೆಯ ಮೇಲೆ ಕಾವಡಿ ಯಾತ್ರಿಕರಿಗೆಂದು ಸಜ್ಜುಗೊಳಿಸಿದ ರಸ್ತೆಯಲ್ಲೂ ಈಗ ಮೋಟಾರುಗಳದ್ದೇ ರಾಜ್ಯ. ಆದ್ದರಿಂದ ಮಲಪ್ರಭಾ ದಂಡೆಗೆ ಡಾಂಬರು ಕೇಳುವುದು ತಪ್ಪು. ನಾನು ಹೋದ ಕಡೆಯೆಲ್ಲ ಜನ ಮೊದಲು ಕೇಳುವುದೇ ಡಾಂಬರು, ಅದು ಅರ್ಥವಾಗುತ್ತದೆ. ಆದರೆ ಡಾಂಬರು ಬಿದ್ದ ವರ್ಷವೇ ಅದು ಬೈಪಾಸ್ ಆಗುತ್ತದೆ. ಗರಸು ಸಾಕು. ಊರಿನ ಬಳಿ ದಂಡೆ ಶುರುವಾಗುವ ಕಡೆ ಟ್ರ್ಯಾಕ್ಟರ್ ಮತ್ತು ಇಲಾಖೆಯ ಜೀಪಿಗಾಗಿ ಬೀಗ ತೆಗೆಯಬಹುದಾದ ಒಂದು ಅಡ್ಡಗಂಬ, ಪಕ್ಕದಲ್ಲಿ ಸೈಕಲ್ ದಾಟುವಷ್ಟು ಸಂದು, ಊರ ಹತ್ತಿರದ ತಿರುವುಗಳಲ್ಲಿ ನೀರಿನ ಕಡೆಗೆ ಮೊಣಕಾಲೆತ್ತರದ ಗೋಡೆ, ಅಲ್ಲಲ್ಲಿ ನೀರಿಗೆ ಇಳಿದವರು ಹಿಡಿದು ಹತ್ತಿಬರಲು ಮೆಟ್ಟಿಲು. ಮಕ್ಕಳು ನೀರು ಹರಿಯುವ ತಿಂಗಳುಗಳಲ್ಲಿ ಒಂಟಿಯಾಗಿ ಹೋಗಬಾರದು ಎಂಬುದನ್ನು ಒಪ್ಪುತ್ತೇನೆ. ಹೆದ್ದಾರಿಯ ಅಂಚಿನಲ್ಲಿ ಒಂಟಿಯಾಗಿ ಹೋಗುವುದು ಅದಕ್ಕಿಂತ ಸುರಕ್ಷಿತ ಎಂಬುದನ್ನು ಮಾತ್ರ ಒಪ್ಪಲಾರೆ.

ನರಗುಂದದಿಂದ ರೋಣದ ಕಡೆ ಹೊರಳಿದರೆ ನೆಲವೇ ಮಾತಿಗಿಳಿಯುತ್ತದೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ಈ ಮಳೆ ಎರೆಮಣ್ಣಿನ ಮೇಲೆ ಬಿದ್ದಾಗ ಆಗುವುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಒಂದು ಹದ ಮಳೆಗೇ ಹೊಲದ ಹಾದಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಸೈಕಲ್ ಗಾಲಿಯ ಮಡ್‌ಗಾರ್ಡಿನೊಳಗೆ ಮಣ್ಣು ಗಟ್ಟಿಯಾಗಿ ಗಾಲಿಯೇ ತಿರುಗದಂತಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಾಗಾಗಿ ಈ ಸೀಮೆಯಲ್ಲಿ ದಾರಿಯ ಯೋಚನೆ ಮಣ್ಣಿನಿಂದ ಶುರುವಾಗಬೇಕು. ಬೆಂಗಳೂರಿನ ಸೈಕಲ್ ಪಥದ ನಕ್ಷೆಯನ್ನು ತಂದು ಇಲ್ಲಿ ಅಂಟಿಸಲಾಗದು. ನಡುವೆ ಬೆಣ್ಣೆಹಳ್ಳವಿದೆ. ಅಣೆಕಟ್ಟಿಲ್ಲದ ಈ ಹಳ್ಳ ಹುಬ್ಬಳ್ಳಿ, ನವಲಗುಂದದ ಕಡೆ ಜೋರು ಮಳೆಯಾದರೆ ಸಾಕು, ಮೋಡವೇ ಇಲ್ಲದ ಊರುಗಳಲ್ಲೂ ತುಂಬಿ ಹರಿಯುತ್ತದೆ. ಯಾವಗಲ್ ಸುತ್ತಮುತ್ತ ಅದು ಸೇತುವೆ ಮುಳುಗಿಸಿ ಓಡಾಟ ನಿಲ್ಲಿಸುವುದು ಹೊಸತಲ್ಲ. ಕೊಣ್ಣೂರಿನ ಬಳಿ ಮಲಪ್ರಭೆಯೂ 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಹೆದ್ದಾರಿಯನ್ನೇ ನುಂಗಿತು. ಇಂಥ ಕಡೆ ಮಳೆಗಾಲದಲ್ಲೂ ಒಣಗಿರುವ ಎತ್ತರದ ನೆಲ ಎಂದರೆ ಬಹುಪಾಲು ಕಾಲುವೆ ದಂಡೆ ಮತ್ತು ರೈಲಿನ ಏರಿ, ಇವೆರಡೇ. ರೈಲಿನ ಏರಿಯ ಮೇಲೆ ನಡೆಯುವಂತಿಲ್ಲ. ಗದಗ–ಹೋಟಗಿ ಮಾರ್ಗ ಮೀಟರ್‌ಗೇಜ್ ಕಾಲದಲ್ಲಿ ನಿಧಾನದ ಗಾಡಿಗಳದ್ದಾಗಿತ್ತು, ಜನ ಹಳಿಗುಂಟ ಹೋಗಿ ಬರುತ್ತಿದ್ದರು. ಬ್ರಾಡ್‌ಗೇಜ್ ಆದ ಮೇಲೆ ಆ ರೂಢಿ ಪ್ರಾಣಕ್ಕೆ ಕುತ್ತು, ರೈಲ್ವೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳವರೆಗೆ ಸೈಕಲ್ ತುಳಿದು ಹೋಗಿ ರೈಲು ಹಿಡಿಯುವ ಹಾದಿ ಸರಿ ಇದ್ದರೆ ಅಷ್ಟೇ ಸಾಕು.

ರೋಣದ ಸುತ್ತ ಸಿಗುವುದು ಇನ್ನೊಂದು ಬಗೆಯ ಸಂಪತ್ತು. ಊರಿಂದೂರಿಗೆ ಹೊಲಗಳ ನಡುವೆ ಹಾಯುವ ಬಂಡಿ ಹಾದಿ, ಕಾಲುಹಾದಿಗಳು ಇಲ್ಲಿ ಇಂದಿಗೂ ಇವೆ. ಬ್ರಿಟಿಷರ ಕಾಲದ ಮೋಜಣಿಯಲ್ಲಿ ತಯಾರಾದ ಗ್ರಾಮ ನಕಾಶೆಗಳಲ್ಲಿ ಇವು ಚುಕ್ಕೆಗೆರೆಗಳಾಗಿ ನಿಂತಿವೆ; ನಮ್ಮ ಹಳ್ಳಿಗಳಲ್ಲಿ ಜಗಳ ಬಂದಾಗಲೆಲ್ಲ ಹೊರಬರುವ ‘ನಕಾಶೆ ಕಂಡ ದಾರಿ’ ಎಂಬ ಮಾತು ಇವುಗಳದ್ದೇ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 67ನೇ ಕಲಮು ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲ ಸರ್ಕಾರಕ್ಕೆ ಸೇರಿದ್ದು ಎಂದು ಹೇಳುತ್ತದೆ. ನೆಲದ ಮೇಲೆ ಆಗುತ್ತಿರುವುದು ಬೇರೆ. ಟ್ರ್ಯಾಕ್ಟರ್ ನೇಗಿಲು ವರ್ಷಕ್ಕೆ ಒಂದೆರಡು ಸಾಲು ಒಳಗೆ ಸರಿಯುತ್ತದೆ, ಹತ್ತು ವರ್ಷದಲ್ಲಿ ಬಂಡಿ ಹಾದಿ ಬದುವಾಗುತ್ತದೆ, ಆಮೇಲೆ ಬದುವೂ ಇಲ್ಲ. ಎತ್ತಿನ ಬಂಡಿ ಕಡಿಮೆಯಾದಷ್ಟೂ ಆ ಹಾದಿ ಬೇಕು ಎನ್ನುವವರೂ ಕಡಿಮೆಯಾದರು. ಬಳಸದ ದಾರಿಯನ್ನು ಯಾವ ಕಾಯ್ದೆಯೂ ಹೆಚ್ಚು ಕಾಲ ಕಾಯಲಾರದು. ಇಂಗ್ಲೆಂಡಿನಲ್ಲಿ ಇದೇ ಸಮಸ್ಯೆ ಬಂದಾಗ 1949ರ ಕಾಯ್ದೆಯೊಂದು ಪ್ರತಿ ಕೌಂಟಿಯೂ ತನ್ನ ಕಾಲುಹಾದಿಗಳ ಅಧಿಕೃತ ನಕ್ಷೆ ಮಾಡಲೇಬೇಕು ಎಂದಿತು. ಆ ಕೆಲಸಕ್ಕೆ ನಮ್ಮ ಗ್ರಾಮ ಪಂಚಾಯಿತಿಗೆ ಹೋಲುವ ಪ್ಯಾರಿಷ್‌ಗಳು ತಮ್ಮ ಹಾದಿಗಳನ್ನು ನಡೆದು ನೋಡಿ ಪಟ್ಟಿ ಕೊಟ್ಟವು. ನಕ್ಷೆಯಲ್ಲಿ ಸೇರಿದ ಹಾದಿಯನ್ನು ಹೊಲದವನು ಉತ್ತು ಅಳಿಸುವಂತಿಲ್ಲ. ನಮ್ಮಲ್ಲಿ ನಕ್ಷೆ ಮೊದಲೇ ಇದೆ. ಗ್ರಾಮ ನಕಾಶೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ತೋರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಡೆದರೆ ಮರೆತ ಹಾದಿ ಎಲ್ಲಿ ಹಾಯುತ್ತಿತ್ತು ಎಂದು ಸುಮಾರಾಗಿ ಗೊತ್ತುಮಾಡಿಕೊಳ್ಳಬಹುದು. ಈ ಪಯಣದಲ್ಲಿ ನನಗೆ ಹೆಚ್ಚು ನೆರವಾದದ್ದೂ ಇದೇ ಜೋಡಿ. ಸಾಮಾನ್ಯ ಮೊಬೈಲ್ ನಕ್ಷೆಗಳು ಕಾರಿನ ದಾರಿಯನ್ನೇ ಮುಂದೆ ಹಿಡಿಯುತ್ತವೆ. ಹೊಲಕ್ಕೆ ದಾರಿ ಮಾಡಿಕೊಡಲು ಉದ್ಯೋಗ ಖಾತರಿಯ ಹಣ ಬಳಸಿದ ಉದಾಹರಣೆ ರಾಜ್ಯದಲ್ಲಿ ಬೇಕಾದಷ್ಟಿವೆ. ಹೊಲದ ದಾರಿ ಎಂದು ಗರಸು ಬಿದ್ದದ್ದು ಪಕ್ಕದೂರಿನ ಹೈಸ್ಕೂಲಿನವರೆಗೆ ಮುಂದುವರಿದರೆ ಅದೇ ಸೈಕಲ್ ದಾರಿ.

ಎಲ್ಲಕ್ಕಿಂತ ತೂಕದ ಆಕ್ಷೇಪ ಹೆಣ್ಣುಮಕ್ಕಳದ್ದು. ಗಾಡಿ ಇಲ್ಲದ ದಾರಿ ಎಂದರೆ ಬಹುಮಟ್ಟಿಗೆ ಜನರೂ ಇಲ್ಲದ ದಾರಿ. ಗಂಡಸಿಗೆ ಹಿತವೆನಿಸುವ ಆ ನಿರ್ಜನತೆಯೇ ಹೆಣ್ಣಿಗೆ ಭಯ. ರಸ್ತೆಯಲ್ಲಿ ಲಾರಿಯ ಭಯವಿದ್ದರೂ ಕೂಗಿದರೆ ಕೇಳುವ ಕಿವಿಗಳಿರುತ್ತವೆ ಎಂಬ ಲೆಕ್ಕದಲ್ಲಿ ಎಷ್ಟೋ ತಂದೆತಾಯಿ ಮಗಳನ್ನು ಡಾಂಬರು ರಸ್ತೆಯಲ್ಲೇ ಕಳಿಸುತ್ತಾರೆ, ಇಲ್ಲವೇ ಶಾಲೆಯನ್ನೇ ಬಿಡಿಸುತ್ತಾರೆ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಅರ್ಧ ಉತ್ತರವಿದೆ. ಎಲ್ಲ ಒಳಹಾದಿಗಳನ್ನೂ ತೆರೆಯಲು ಹೋಗಬಾರದು. ಹೊಲದಲ್ಲಿ ಕೆಲಸ ಮಾಡುವವರು ಕಣ್ಣಿಗೆ ಬೀಳುವ, ತೋಟದ ಮನೆಗಳು ಇರುವ, ಎರಡೂ ಬದಿ ಕಂಟಿ ಕಡಿದು ದೂರದವರೆಗೆ ಕಾಣುವಂತೆ ಮಾಡಿದ ಕೆಲವೇ ಹಾದಿಗಳನ್ನು ಆರಿಸಬೇಕು. ಜನ ಬಂದಷ್ಟೂ ಜನ ಬರುತ್ತಾರೆ. 2006ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ಹೆಣ್ಣುಮಕ್ಕಳು ಐದಾರು ಜನ ಗುಂಪಾಗಿ ಪಕ್ಕದ ಊರಿನ ಹೈಸ್ಕೂಲಿಗೆ ಹೋಗುತ್ತಿದ್ದ ನೋಟ ಉತ್ತರ ಕರ್ನಾಟಕದ ಯಾವ ರಸ್ತೆಯಲ್ಲಾದರೂ ಸಿಗುತ್ತಿತ್ತು. ಕೋವಿಡ್ ಕಾಲದಲ್ಲಿ ನಿಂತ ಆ ವಿತರಣೆ ಮತ್ತೆ ಶುರುವಾಗಬೇಕು. ಶಕ್ತಿ ಯೋಜನೆಯ ಉಚಿತ ಬಸ್ಸು ಒಳ್ಳೆಯದೇ, ಆದರೆ ದಿನಕ್ಕೆ ಎರಡು ಮೂರು ಸಲ ಮಾತ್ರ ಬಸ್ಸು ಕಾಣುವ ಹಳ್ಳಿಗೆ ಅದು ಸೈಕಲ್ಲಿನ ಬದಲಿಯಾಗದು. ನಾಯಿಗಳ ಕಾಟ, ಹಾವಿನ ಭಯ ಇದ್ದದ್ದೇ. ಅವಕ್ಕೆ ಹೊತ್ತು ನೋಡಿ ಹೋಗುವುದು, ಕೈಯಲ್ಲೊಂದು ಕೋಲು, ಕತ್ತಲಲ್ಲಿ ಬ್ಯಾಟರಿ, ಇಷ್ಟೇ ಹಳೆಯ ಉಪಾಯ.

ರೋಣ ಬಿಟ್ಟು ಗಜೇಂದ್ರಗಡದ ದಿಕ್ಕಿಗೆ ಸಾಗಿದಂತೆ ಎರೆ ತೆಳುವಾಗಿ ಮಸಾರಿ, ಕಲ್ಲುಭೂಮಿ ಕಾಣತೊಡಗುತ್ತದೆ. ನಡುವೆ ಸೂಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿಯ ಆಳ್ವಿಕೆಯ ನೆನಪಿರುವ ಊರು, ಜೋಡು ಕಳಸದ ಗುಡಿ ಮತ್ತು ನಾಗಕುಂಡದ ಊರು. ಇದನ್ನು ನೋಡಲು ಬರುವವರು ಕಾರಿನಲ್ಲಿ ಬಂದು ಕಾಲು ಗಂಟೆಯಲ್ಲಿ ಹೋಗುತ್ತಾರೆ. ರೋಣದಿಂದಲೋ ಗಜೇಂದ್ರಗಡದಿಂದಲೋ ಸೈಕಲ್ಲಿನಲ್ಲಿ ಬಂದು ಕುಂಡದ ಕಟ್ಟೆಯಲ್ಲಿ ಕೂತು ದಣಿವಾರಿಸಿಕೊಂಡು ಮರಳಲು ಇದಕ್ಕಿಂತ ಒಳ್ಳೆಯ ದೂರವಿಲ್ಲ. ಹಳ್ಳಿ ರಸ್ತೆಗಳು ಇಲ್ಲಿ ಡಾಂಬರು ಕಂಡಿದ್ದರೂ ಬೆಳಗ್ಗೆ ಎಂಟರವರೆಗೆ ಬಹುಪಾಲು ಖಾಲಿ. ಸುಗ್ಗಿಯಲ್ಲಿ ಮಾತ್ರ ರಸ್ತೆಯ ಮೇಲೇ ರಾಶಿ ಹರಡಿರುತ್ತದೆ, ಇಳಿದು ದಾಟಬೇಕು. 2018ರಲ್ಲಿ ರೋಣದಿಂದ ಬೇರೆಯಾಗಿ ತಾಲೂಕಾದ ಗಜೇಂದ್ರಗಡದ ಪೇಟೆಗೆ ಬರುವಷ್ಟರಲ್ಲಿ ಭಾನಾಪುರ–ಗದ್ದನಕೇರಿ ಹೆದ್ದಾರಿಯ ಗದ್ದಲ ಮತ್ತೆ ಹಿಡಿಯುತ್ತದೆ. ಆದರೆ ಊರಿಗೆ ಒರಗಿದಂತಿರುವ ಗುಡ್ಡಸಾಲು ಆ ಗದ್ದಲವನ್ನು ಬೇಗ ಕಳೆಯುತ್ತದೆ. ಮರಾಠರು ಮತ್ತು ಟಿಪ್ಪುವಿನ ನಡುವೆ 1787ರಲ್ಲಿ ಒಪ್ಪಂದವಾದ ಕೋಟೆ ಈ ಗುಡ್ಡದ ಮೇಲಿದೆ. ಆಚೆ ಕಾಲಕಾಲೇಶ್ವರನ ಗುಡಿಗೆ ಮೆಟ್ಟಿಲುಗಳಿವೆ. ಎರೆಯಲ್ಲಿ ಮಳೆ ನಿಂತು ಎರಡು ದಿನವಾದರೂ ಕಾಲಿಡಲಾಗದಿದ್ದರೆ, ಇಲ್ಲಿ ಕಲ್ಲು ಮತ್ತು ಗರಸಿನ ನೆಲ ಒಂದು ತಾಸಿನಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಈ ಸೀಮೆಯ ಓಟಗಾರರಿಗೆ ಇದೇ ಅಂಗಳ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಲು ಮಾಡಿದ ದಾರಿಗಳನ್ನು ನಾನು ವಿಶೇಷವಾಗಿ ಗಮನಿಸಿದೆ. ಉದ್ದನೆಯ ರೆಕ್ಕೆಗಳನ್ನು ಲಾರಿಯ ಮೇಲೆ ಒಯ್ಯಬೇಕಾದ್ದರಿಂದ ಅವು ಅಗಲವಾಗಿವೆ, ತಿರುವುಗಳು ವಿಶಾಲ, ಏರು ಸೌಮ್ಯ. ಯಂತ್ರ ನಿಂತ ಮೇಲೆ ಅಲ್ಲಿ ಗಾಡಿ ಓಡಾಟ ಅತಿ ಕಡಿಮೆ. ಕಂಪನಿಯ ಜಾಗವಾದ ಕಡೆ ಕೇಳಿಯೇ ಹೋಗಬೇಕು. ಬಾಗಿಲು ಹಾಕಿದ ಕಡೆ ಜಿಲ್ಲಾಡಳಿತ ಬೆಳಗಿನ ಎರಡು ತಾಸಿಗೆ ಒಪ್ಪಿಗೆ ಕೊಡಿಸಿದರೂ ಸಾಕು. ಗದಗ–ಕೊಪ್ಪಳದ ಈ ಕುರುಚಲು ಕಾಡು ತೋಳ, ನವಿಲುಗಳ ಮನೆಯೂ ಹೌದು ಎಂಬುದನ್ನು ಮರೆಯಬಾರದು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಎಷ್ಟು ಬಿರುಸು ಎಂದರೆ ಪಶ್ಚಿಮಕ್ಕೆ ಮುಖಮಾಡಿದ ಸೈಕಲ್ ತುಳಿತ ಗುಡ್ಡ ಹತ್ತಿದಷ್ಟೇ ಕಷ್ಟ. ಹೊರಡುವಾಗ ಗಾಳಿಗೆ ಎದುರಾಗಿ, ಮರಳುವಾಗ ಗಾಳಿಯೊಂದಿಗೆ ಎಂಬ ನಿಯಮ ಇಟ್ಟುಕೊಂಡರೆ ಒಳ್ಳೆಯದು.

ಹೊಲದಲ್ಲಿ ಬೆವರು ಸುರಿಸುವವರಿಗೆ ವಾಕಿಂಗ್ ಯಾಕೆ, ಇದು ಪಟ್ಟಣದವರ ಹವ್ಯಾಸ ಎಂಬ ಮಾತೂ ಕಿವಿಗೆ ಬೀಳುತ್ತದೆ. ಐವತ್ತು ವರ್ಷದ ಹಿಂದೆ ಇದು ನಿಜವಿತ್ತು. ಇಂದು ಉಳುವುದು ಟ್ರ್ಯಾಕ್ಟರ್, ಕೊಯ್ಯುವುದು ಯಂತ್ರ, ಹೊಲಕ್ಕೆ ಒಯ್ಯುವುದು ಬೈಕು. ಗಜೇಂದ್ರಗಡದ ನೇಕಾರ ದಿನವಿಡೀ ಮಗ್ಗದ ಮುಂದೆ ಕೂತಿರುತ್ತಾನೆ, ನರಗುಂದದ ಅಂಗಡಿಕಾರ ಗಲ್ಲೆಯ ಹಿಂದೆ, ಮೂರೂ ಊರಿನ ಶಿಕ್ಷಕರು, ಗುಮಾಸ್ತರು ಕುರ್ಚಿಯ ಮೇಲೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಅಷ್ಟೂ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಈಗ ಹಳ್ಳಿಯ ಔಷಧ ಅಂಗಡಿಯಲ್ಲೂ ದಿನದ ವ್ಯಾಪಾರ. ಡಾಕ್ಟರು ನಡೆಯಿರಿ ಎನ್ನುತ್ತಾರೆ. ಎಲ್ಲಿ ನಡೆಯಬೇಕು ಎಂಬುದನ್ನು ಊರು ಹೇಳಬೇಕು. ನಡೆಯುವ ರೂಢಿ ನಮ್ಮಲ್ಲಿ ಸತ್ತೂ ಇಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನಿಗೆ ಈ ಸೀಮೆಯಿಂದ ಕಾಲ್ನಡಿಗೆಯಲ್ಲೇ ಹೋಗುವ ಹರಕೆಯವರು ಪ್ರತಿ ವರ್ಷ ಕಾಣಸಿಗುತ್ತಾರೆ. ದೈವದ ಹೆಸರಿನಲ್ಲಿ ಊರಿಂದೂರಿಗೆ ನಡೆಯುವ ಕಾಲುಗಳಿಗೆ ವರ್ಷದ ಉಳಿದ ದಿನಗಳಲ್ಲೂ ನೆಮ್ಮದಿಯ ಹಾದಿ ಸಿಗಲಿ ಎಂಬುದು ಹೊಸ ಫ್ಯಾಷನ್ ಆಗುವುದು ಹೇಗೆ? ಬಿಸಿಲಿನ ಮಾತು ಒಪ್ಪಬೇಕಾದದ್ದೇ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಎಂಟರ ಮೇಲೆ ಈ ಬಯಲಿನಲ್ಲಿ ಯಾರೂ ಸುಮ್ಮನೆ ತಿರುಗಬಾರದು. ದಂಡೆಯ ಹೊರಬದಿಗೆ ಬೇವು, ಹೊಂಗೆ ಹಚ್ಚಿದರೆ ಹತ್ತು ವರ್ಷದಲ್ಲಿ ಅದಕ್ಕೂ ದಾರಿಯಿದೆ. ಬೇರು ಕಾಲುವೆಯ ಒಳಮೈಗೆ ತಾಗದಷ್ಟು ದೂರ ಹಚ್ಚಬೇಕು.

ಹಾದಿ ಇದ್ದರಷ್ಟೇ ಸಾಲದು, ಅದು ಎಲ್ಲಿಗೆ ಹೋಗುತ್ತದೆ ಎಂದು ಹೊಸಬನಿಗೂ ತಿಳಿಯಬೇಕು. ಕಾಲುವೆಗಳು ಕವಲೊಡೆಯುವ ಕಡೆ ನಾನು ಹೆಚ್ಚು ತಡಕಾಡಿದ್ದು ಇದಕ್ಕೇ. ಬೆಲ್ಜಿಯಂನ ಲಿಂಬುರ್ಗ್ ಪ್ರಾಂತದಲ್ಲಿ ಹ್ಯೂಗೊ ಬೊಲೆನ್ ಎಂಬ ಗಣಿ ಎಂಜಿನಿಯರ್ 1995ರ ಹೊತ್ತಿಗೆ ಇದಕ್ಕೊಂದು ಸರಳ ಪರಿಹಾರ ಕಂಡ. ಕಲ್ಲಿದ್ದಲು ಗಣಿಯ ಸುರಂಗಗಳ ಕೂಡುಸ್ಥಳಗಳಿಗೆ ನಂಬರು ಕೊಡುವಂತೆ ಸೈಕಲ್ ಹಾದಿಗಳ ಕೂಡುಸ್ಥಳಗಳಿಗೂ ನಂಬರು ಕೊಟ್ಟು, ಪ್ರತಿ ಕಂಬದ ಮೇಲೆ ಮುಂದಿನ ನಂಬರಿನ ದಿಕ್ಕು ಬರೆಸಿದ. ನಕ್ಷೆಯಲ್ಲಿ ನಾಲ್ಕು ನಂಬರು ನೋಡಿಕೊಂಡು ಹೊರಟರೆ ದಾರಿ ತಪ್ಪುವುದಿಲ್ಲ. ಆ ಪದ್ಧತಿ ಅಲ್ಲಿಂದ ನೆದರ್ಲೆಂಡ್ಸ್‌ಗೂ ಹಬ್ಬಿತು. ನರಗುಂದ, ರೋಣ, ಗಜೇಂದ್ರಗಡಗಳ ನಡುವೆ ಹೀಗೆ ನಂಬರು ಬರೆಯಲು ಬೇಕಾದದ್ದು ಬಣ್ಣದ ಡಬ್ಬಿ ಮತ್ತು ಕಾಲುವೆಯ ಸೇತುವೆಗಳ ಕಟ್ಟೆಗೋಡೆ. ದಂಡೆ ಕರ್ನಾಟಕ ನೀರಾವರಿ ನಿಗಮದ್ದು, ಬಂಡಿ ಹಾದಿ ಕಂದಾಯ ಇಲಾಖೆಯದ್ದು, ಗರಸು ಹಾಕುವ ಹಣ ಗ್ರಾಮ ಪಂಚಾಯಿತಿಯಲ್ಲಿ. ಮೂರನ್ನೂ ಒಂದೇ ಮೇಜಿನ ಸುತ್ತ ಕೂರಿಸುವವರು ಯಾರೆಂಬುದಷ್ಟೇ ಬಾಕಿ, ಅದು ತಹಶೀಲ್ದಾರರ ಕೈಲಾಗದ ಕೆಲಸವಲ್ಲ.

ಈ ಮೂರು ತಾಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ಗ್ರಾಮ ನಕಾಶೆ ತೆಗೆದುಕೊಳ್ಳಿ, ನಿಮ್ಮ ಮನೆಯಿಂದ ಹತ್ತಿರದ ಹೈಸ್ಕೂಲಿಗೆ ಡಾಂಬರು ಮುಟ್ಟದೆ ಹೋಗುವ ಹಾದಿ ಯಾವುದೆಂದು ಅದರಲ್ಲಿ ಹುಡುಕಿ, ಬೆಳಗಿನ ಹೊತ್ತು ಒಮ್ಮೆ ಅದನ್ನು ನಡೆದು ನೋಡಿ. ಎಲ್ಲಿ ಕಂಟಿ ಬೆಳೆದಿದೆ, ಎಲ್ಲಿ ಗರಸು ಬೇಕು, ಎಲ್ಲಿ ಹಳ್ಳಕ್ಕೆ ಪೈಪು ಹಾಕಬೇಕು, ಎಲ್ಲಿ ಒತ್ತುವರಿಯಾಗಿದೆ ಎಂದು ಬರೆದುಕೊಳ್ಳಿ. ಮುಂದಿನ ಗ್ರಾಮಸಭೆಗೆ ಆ ಪಟ್ಟಿಯನ್ನು ಒಯ್ದು ಓದಿ, ಠರಾವಿನಲ್ಲಿ ಬರೆಸಿ.